ಉಪ್ಪುನೀರು ಮತ್ತು ಹಿಪ್ಪುನೇರಳೆ

ನಮ್ಮ ಹಿತ್ತಲಿನ ಹಿಪ್ಪುನೇರಳೆ ಹಣ್ಣಿನಲ್ಲಿ ಹುಳ ಇದೆ ಎಂಬ ಸಂಗತಿ ಆಕೆ ಬರುವವರೆಗೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅಪ್ಪ ಮತ್ತು ನಾನು ಮೂರು ಬೇಸಿಗೆ ಆ ಹಣ್ಣನ್ನು ಬೊಗಸೆಗಟ್ಟಲೆ ತಿಂದು ಅರಗಿಸಿಕೊಂಡಿದ್ದೆವು; ಒಂದು ದಿನವೂ ಹೊಟ್ಟೆನೋವೆಂದು ಮಲಗಿದವರಲ್ಲ. ಮೊನ್ನೆ ನನ್ನ ಮಗಳು ಅಂಗಡಿಯಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬ್ಲ್ಯಾಕ್‌ಬೆರಿ ತಂದಳು. ನೋಡಲು ನಮ್ಮ ಹಿಪ್ಪುನೇರಳೆಯ ದಡೂತಿ ತಂಗಿಯ ಹಾಗಿದ್ದವು. ಫೋನಿನಲ್ಲಿ ಯಾರೋ ಹೇಳಿಕೊಟ್ಟಂತೆ ಅವನ್ನು ಉಪ್ಪುನೀರಿಗೆ ಹಾಕಿ ಅಡುಗೆಮನೆಯಿಂದಲೇ ಕೂಗಿದಳು.

"ಮಮ್ಮೀ, ಬಂದು ನೋಡು, ಹುಳ ಹೆಂಗ ಹೊರಗ ಬರಾಕತ್ತಾವ!"

ನಾನು ಎದ್ದು ಹೋಗಲಿಲ್ಲ. ಉಪ್ಪುನೀರಿನಲ್ಲಿ ಹುಳ ಹೇಗೆ ಹೊರಬರುತ್ತದೆ ಎಂಬುದನ್ನು ನಾನು ಎಂಟನೆಯ ವಯಸ್ಸಿನಲ್ಲೇ ನೋಡಿದ್ದೇನೆ. ಅದನ್ನು ತೋರಿಸಿದವಳ ಮೇಲೆ ಅಂದು ಉರಿದ ಹೊಟ್ಟೆ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಅರವತ್ತು ದಾಟಿದ ಹೆಂಗಸು ಇಂಥದನ್ನೆಲ್ಲ ಬರೆಯಬಾರದು ಎನ್ನುವವರಿದ್ದಾರೆ. ಅವರು ಬರೆಯದಿರಲಿ.

ನಮ್ಮದು ತೆಲುಗು ಸೀಮೆಯ ಲಿಂಗಂಪಲ್ಲಿ ಸ್ಟೇಷನ್ನಿನಿಂದ ಸೈಕಲ್ಲಿನ ಮೇಲೆ ಹದಿನೈದು ನಿಮಿಷದ ದಾರಿಯಲ್ಲಿದ್ದ ಕ್ವಾರ್ಟರ್ಸು. ಕಲಬುರಗಿ ಕಡೆಯಿಂದ ಬಂದ ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಎರಡು ಕೋಣೆ, ಮಸಿ ಹಿಡಿದ ಒಂದು ಅಡುಗೆಮನೆ, ಹಿಂದೆ ನಾಲ್ಕು ಹೊರಸು ಹಾಕುವಷ್ಟು ಹಿತ್ತಲು. ಅದರ ತುಂಬ ಆ ಒಂದೇ ಮರ. ಎಡಗಡೆಯ ಮನೆಯವರು ತೆಲುಗರು, ಬಲಗಡೆಯವರು ಮರಾಠಿಯವರು, ಹಾಲಿನವನದು ಉರ್ದು. ಹೊಸ್ತಿಲು ದಾಟಿದರೆ ನಾಲಿಗೆ ಬದಲಿಸಬೇಕು. ಅವ್ವ ನನಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡಿದ್ದಳು. ಅಳುವಷ್ಟು ನೆನಪು ಕೂಡ ನನಗೆ ಉಳಿದಿರಲಿಲ್ಲ. ಉಳಿದದ್ದು ಅಪ್ಪ, ಅವನು ಪೂರ್ತಿ ನನ್ನವನು. ಅಪ್ಪ ಬಡಿದ ಜೋಳದ ರೊಟ್ಟಿ ಅಂಗೈ ದಪ್ಪ ಇರುತ್ತಿತ್ತು, ನಡುವೆ ಹಸಿ, ಅಂಚು ಕರಕಲು. ಅದನ್ನು ಪುಂಡಿಪಲ್ಯದ ಜೊತೆ ಒಂದೇ ತಾಟಿನಲ್ಲಿ ಇಬ್ಬರೂ ಉಣ್ಣುತ್ತಿದ್ದೆವು. ಕರಕಲು ಅವನಿಗೆ, ನಡುವಿನದು ನನಗೆ. ಪಕ್ಕದ ಮನೆಯ ತೆಲುಗಿನ ಆಂಟಿ ಕಾಂಪೌಂಡಿನ ಮೇಲಿಂದ ಸಾರಿನ ಗಿಂಡಿ ದಾಟಿಸಿ 'ಪಾಪಂ, ತಲ್ಲಿ ಲೇನಿ ಪಿಲ್ಲ' ಎಂದು ಲೊಚಗುಟ್ಟುತ್ತಿದ್ದಳು. ತಾಯಿಯಿಲ್ಲದ ಮಗು ಎಂದು ಅವಳು ಮರುಗಿದಷ್ಟೂ ನನಗೆ ನಗು ಬರುತ್ತಿತ್ತು, ನನಗೇನೂ ಕಡಿಮೆಯಿರಲಿಲ್ಲ.

ಮರ ಕಾಯಿ ಬಿಡುವ ದಿನಗಳಲ್ಲಿ ನನ್ನದೊಂದು ದೊಡ್ಡ ಕೆಲಸವಿತ್ತು. ಸಂಜೆ ಕಾರ್ಖಾನೆಯ ಸೈರನ್ ಕೂಗಿದೊಡನೆ ನಾನು ಹಿತ್ತಲಿಗೆ ಓಡಿ, ಹಾಲಿನ ಕ್ಯಾನನ್ನು ಬೋರಲು ಹಾಕಿ ಅದರ ಮೇಲೆ ನಿಂತು, ಕಪ್ಪಾದ ಹಣ್ಣನ್ನೇ ಆರಿಸಿ ಒಂದು ಬಟ್ಟಲು ತುಂಬುತ್ತಿದ್ದೆ. ಕೆಂಪಾದದ್ದು ಹುಳಿ, ಅದು ನನಗೆ. ಅಪ್ಪ ಸೈಕಲ್ಲು ಗೋಡೆಗೆ ಒರಗಿಸಿ, ಕಾಲು ತೊಳೆದು, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದ. ಅವನ ಕೈಗೆ ಎಣ್ಣೆ, ಕಬ್ಬಿಣದ ವಾಸನೆ. ಆದ್ದರಿಂದ ನಾನೇ ತಿನ್ನಿಸಬೇಕು. ಒಂದೊಂದೇ ಹಣ್ಣು ಅವನ ಬಾಯಿಗೆ ಹಾಕುತ್ತ ಸಾಲೆಯ ಸುದ್ದಿ ಹೇಳುತ್ತಿದ್ದೆ. ಬಟ್ಟಲು ಮುಗಿದ ಮೇಲೆ ಅವನು ದಿನವೂ ಹೇಳುವ ಮಾತು ಒಂದೇ.

"ನಮ್ಮ ಪಾರೂನ ಕೈಯಾಗಿನ ಹಣ್ಣು ತಿಂದ್ರ ದಣಿವೆಲ್ಲಾ ಹೋತು ನೋಡು."

ಅದನ್ನು ಕೇಳದೆ ನಾನು ಮೆಟ್ಟಿಲಿನಿಂದ ಏಳುತ್ತಿರಲಿಲ್ಲ.

ಆಕೆ ಅಪ್ಪನನ್ನು ಮದುವೆಯಾಗಿ ಬಂದದ್ದು ನನ್ನ ಮೂರನೆಯ ಇಯತ್ತೆಯಲ್ಲಿ, ಒಂದು ಟ್ರಂಕು ಮತ್ತು ಒಂದು ಅಗಲವಾದ ಹಿತ್ತಾಳೆ ಪರಾತದ ಜೊತೆಗೆ. ಹೆಸರು ಶಾಂತಾ. ಬೀದರಿನವಳು, ಹಿಮಾಯತ್‌ನಗರದಲ್ಲಿ ಅಕ್ಕನ ಮನೆಯಲ್ಲಿ ಹತ್ತು ವರ್ಷ ಇದ್ದವಳು. ಅಪ್ಪ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು 'ಇನ್ನ ಮ್ಯಾಲೆ ಈಕಿಗೆ ಚಿಗವ್ವ ಅನ್ನಬೇಕು' ಎಂದ. ನಾನು ಅನ್ನಲಿಲ್ಲ. ಎರಡು ವರ್ಷ ಏನೂ ಅನ್ನಲಿಲ್ಲ. ಕರೆಯಬೇಕಾದರೆ ಹತ್ತಿರ ಹೋಗಿ ಕೆಮ್ಮುತ್ತಿದ್ದೆ. ಬಂದ ವಾರದಲ್ಲೇ ಆಕೆ ಅಡುಗೆಮನೆಯ ಗೋಡೆಗೆ ಸುಣ್ಣ ಬಳಿದಳು, ಡಬ್ಬಿಗಳನ್ನು ಎತ್ತರದ ಪ್ರಕಾರ ಹೊಂದಿಸಿದಳು, ಹಾಲಿನವನಿಗೆ ಅವನದೇ ಉರ್ದುವಿನಲ್ಲಿ ಬೈದು ನೀರು ಬೆರೆಸುವುದನ್ನು ಬಿಡಿಸಿದಳು. ಆಕೆಯ ರೊಟ್ಟಿ ಕಾಗದದ ಹಾಗೆ ತೆಳ್ಳಗೆ, ಅಂಚಿನವರೆಗೂ ಒಂದೇ ಬಣ್ಣ. ಕರಕಲೂ ಇಲ್ಲ, ಹಸಿಯೂ ಇಲ್ಲ, ಹಂಚಿಕೊಳ್ಳುವುದಕ್ಕೆ ಏನೂ ಇಲ್ಲ. ನನಗೆಂದು ಹೂವಿನ ಚಿತ್ರದ ಒಂದು ಬೇರೆ ತಾಟು ಬಂತು. ಮನೆಗೆ ಬಂದವರೆಲ್ಲ ಎಷ್ಟು ಚೆಂದದ ತಾಟು ಎಂದರು. ನನಗೆ ಅದನ್ನು ಗೋಡೆಗೆ ಬೀಸಿ ಒಗೆಯುವ ಮನಸ್ಸಾಗುತ್ತಿತ್ತು.

ಮೊದಲ ಹಣ್ಣು ಕಪ್ಪಾದ ದಿನ ನಾನು ಎಂದಿನಂತೆ ಬಟ್ಟಲು ತುಂಬಿಕೊಂಡು ಮೆಟ್ಟಿಲ ಬಳಿ ನಿಂತಿದ್ದೆ. ಅಪ್ಪ ಕಣ್ಣು ಮುಚ್ಚಿ ಬಾಯಿ ತೆರೆದಿದ್ದ. ಮೊದಲ ಹಣ್ಣು ಬಾಯಿಗೆ ಹೋಗಿತ್ತು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಅಯ್ಯ, ಹಂಗs ತಿನ್ನಾಕತ್ತೀರೇನ್ರೀ? ಈ ಶಹತೂತಿನ ಹಣ್ಣಿನಾಗ ಹುಳ ಇರ್ತಾವ್ರೀ."

"ನಮ್ಮ ಗಿಡದಾಗ ಇಲ್ಲ," ನಾನು ಚೀರಿದೆ.

"ಎಲ್ಲಾ ಗಿಡದಾಗೂ ಇರ್ತಾವ ಪುಟ್ಟಿ. ನಮ್ಮಕ್ಕನ ಮನಿ ಬಾಜೂಕ ಖಾಲಾಜಾನ್ ಅಂತ ಒಬ್ರು ಇದ್ರು, ಅವರ ಅಂಗಳದಾಗೂ ಇದs ಗಿಡ. ಅವರು ತೋರ್ಸಿದ್ದು. ತಡಿ, ನಿನಗೂ ತೋರಸ್ತೀನಿ."

ಆಕೆ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕಸಿದುಕೊಂಡಳು ಎಂದು ಬರೆಯುವ ಆಸೆ ನನಗಿದೆ, ಆದರೆ ತೆಗೆದುಕೊಂಡದ್ದೇ ನಿಜ. ಪರಾತದಲ್ಲಿ ತಣ್ಣೀರು ಹಾಕಿ, ಒಂದು ಹಿಡಿ ಕಲ್ಲುಪ್ಪನ್ನು ಬೆರಳಿನಿಂದ ಕಲಸಿ ಕರಗಿಸಿ, ಹಣ್ಣನ್ನು ಅದರಲ್ಲಿ ಮೆಲ್ಲಗೆ ಇಳಿಬಿಟ್ಟಳು. ಬಿಸಿನೀರಾದರೆ ಹಣ್ಣು ಕರಗುತ್ತದೆ, ಉಪ್ಪು ಕಡಿಮೆಯಾದರೆ ಹುಳ ಹೊರಬರುವುದಿಲ್ಲ, ಕೈಯಾಡಿಸಿದರೆ ರಸ ಬಿಡುತ್ತದೆ ಎಂದೆಲ್ಲ ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳದವಳಂತೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಹುಳ ಇರಬಾರದು ಎಂದು ಮನಸ್ಸಿನಲ್ಲೇ ದೇವರಿಗೆ ಹರಕೆ ಹೊತ್ತೆ. ಅಪ್ಪ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ನನ್ನ ಹಣ್ಣಿನ ಗುಳಿಗಳಿಂದ ಬೆಳ್ಳಗೆ, ಅಕ್ಕಿಯ ನುಚ್ಚಿನಷ್ಟು ಗಾತ್ರದ ಹುಳಗಳು ಒಂದೊಂದಾಗಿ ಹೊರಬಂದು ನೀರಿನಲ್ಲಿ ಹೊರಳಾಡತೊಡಗಿದವು. ಅಪ್ಪ ನೋಡಿದ. ಮುಖ ಬಿಳಿಚಿಕೊಂಡಿತು. ಎದ್ದು ನಲ್ಲಿಯ ಬಳಿ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿ ಬಂದ. ಬಂದವನು ಸುಮ್ಮನಿರಬಾರದೇ, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ.

"ಏನs ಪಾರೂ, ಮೂರು ವರ್ಷ ನನಗ ಹುಳಾನs ತಿನಿಸಿಯಲ್ಲs!"

ಅವನು ಮನೆಯೊಳಗೆ ನಕ್ಕು ಬಿಟ್ಟಿದ್ದರೆ ನಾನು ಮರೆಯುತ್ತಿದ್ದೆನೇನೋ. ಕಾರ್ಖಾನೆಯ ಗೆಳೆಯರಿಗೆ ಹೇಳಿದ, ತೆಲುಗಿನ ಆಂಟಿಗೆ ಹೇಳಿದ, ಹಾಲಿನವನಿಗೂ ಹೇಳಿದ. 'ಹುಳ ತಿನಿಸಿದಾಕಿ' ಎಂದು ನನ್ನನ್ನು ಕಂಡವರೆಲ್ಲ ಕೆನ್ನೆ ಹಿಂಡುವವರೇ. ಅವತ್ತಿನಿಂದ ಬಟ್ಟಲು ಆಕೆಯ ಕೈಗೆ ಹೋಯಿತು. ಹಣ್ಣು ಕೀಳುವುದು ಆಮೇಲೂ ನಾನೇ. ಆದರೆ ಅದು ಮೊದಲು ಉಪ್ಪುನೀರಿಗೆ, ಆಮೇಲೆ ಎರಡು ಸಲ ಸಿಹಿನೀರಿಗೆ, ಆಮೇಲೆ ಬಿಳಿ ಪಂಚೆಯ ತುಂಡಿನ ಮೇಲೆ ಆರಲಿಕ್ಕೆ. ಕಡೆಗೆ ಬಟ್ಟಲಿಗೆ ಬಿದ್ದು ಅಪ್ಪನ ಮುಂದೆ ಹೋಗುವ ಹೊತ್ತಿಗೆ ಅದರಲ್ಲಿ ನನ್ನದೆನ್ನುವುದೇನೂ ಇರುತ್ತಿರಲಿಲ್ಲ. ಆಕೆ ನನಗೂ ಒಂದು ಕೆಲಸ ಕೊಟ್ಟಳು. ಚಹಾ ಸೋಸುವ ಜಾಳಿಗೆಯಿಂದ ಹುಳಗಳನ್ನು ಎತ್ತಿ ಮರದ ಬುಡಕ್ಕೆ ಹಾಕಿ ಬರುವುದು. ಅಪ್ಪ ಕೈ ಚೆನ್ನಾಗಿ ಸೋಪು ಹಚ್ಚಿ ತೊಳೆದುಕೊಂಡು, ತಾನೇ ಹಣ್ಣು ಎತ್ತಿಕೊಂಡು ತಿನ್ನಲು ಶುರುಮಾಡಿದ. ಕಣ್ಣು ತೆರೆದೇ ತಿನ್ನುತ್ತಿದ್ದ, ಆಕೆಯನ್ನು ನೋಡುತ್ತ. ಹೊಟ್ಟೆಕಿಚ್ಚು ಎಂದರೆ ಅದು ಮನಸ್ಸಿಗೆ ಸಂಬಂಧಿಸಿದ್ದಲ್ಲ, ಹೊಕ್ಕುಳಿನ ಮೇಲೆ ನಾಲ್ಕು ಬೆರಳು ಜಾಗದಲ್ಲಿ ನಿಜವಾಗಿಯೂ ಉರಿಯುತ್ತದೆ ಎಂದು ನನಗೆ ತಿಳಿದದ್ದು ಆಗ. ಆಕೆಗೆ ನನ್ನ ಮೇಲೆ ಸಿಟ್ಟು ಬಂದಿದ್ದರೆ ಅನುಕೂಲವಾಗುತ್ತಿತ್ತು. ಬರುತ್ತಿರಲಿಲ್ಲ. ತಲೆ ಬಾಚುವಾಗ ನಾನು ಬೇಕೆಂದೇ ಕತ್ತು ತಿರುಗಿಸಿದರೆ ಆಕೆ ಬಾಚಣಿಗೆ ಹಿಡಿದು ಸುಮ್ಮನೆ ಕಾಯುತ್ತಿದ್ದಳು.

ಯುಗಾದಿಗೆ ಊರಿನಿಂದ ಆಯಿ ಬಂದಳು, ಅಪ್ಪನ ತಾಯಿ. ಮದುವೆಗೆ ಬಂದಿರಲಿಲ್ಲ. ತನ್ನ ತಮ್ಮನ ಮಗಳನ್ನು ತರಬೇಕೆಂದು ಆಯಿಗೆ ಆಸೆಯಿತ್ತು, ಅಪ್ಪ ಒಪ್ಪಿರಲಿಲ್ಲ. ಆಯಿಯ ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಮಾತಿನಲ್ಲಿ ಮೆಣಸಿನಕಾಯಿ. ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮಾಡದೆ ಹನಿ ನೀರು ಕುಡಿಯುವವಳಲ್ಲ. ಲಿಂಗಕ್ಕೆ ತೋರಿಸಿದ್ದು ಪ್ರಸಾದ. ಪ್ರಸಾದದಲ್ಲಿ ಒಂದು ಅಗುಳೂ ಚೆಲ್ಲಬಾರದು, ಉಂಡ ಮೇಲೆ ತಾಟನ್ನು ತೊಳೆದು ಆ ನೀರನ್ನೂ ಕುಡಿಯಬೇಕು. ಅದು ನಮ್ಮ ಮನೆತನದ ನೇಮ. ಬಂದವಳೇ ಆಯಿ ಸುಣ್ಣದ ಗೋಡೆ ನೋಡಿದಳು, ಡಬ್ಬಿಗಳ ಸಾಲು ನೋಡಿದಳು, ತುಟಿ ಕೊಂಕಿಸಿದಳು.

"ಹೊಸದರಾಗ ಅಗಸ ಎತ್ತೆತ್ತಿ ಒಗದನಂತ. ಪ್ಯಾಟ್ಯಾಗ ಬೆಳದಾಕಿ, ಯಾರ್‍ಯಾರ ಮನ್ಯಾಗ ಏನೇನ್ ಮುಟ್ಟಿ ಬಂದಾಳೋ. ಈಕಿ ಕೈ ಸ್ವಚ್ಛ ಐತಿ ಅಂತ ನನಗ ಗ್ಯಾರಂಟಿ ಆಗೋತನಕ ಈಕಿ ಮಾಡಿದ್ದು ನಾ ಮುಟ್ಟಂಗಿಲ್ಲ."

ಮೂರು ದಿನ ಆಯಿ ತನ್ನ ಅಡುಗೆಯನ್ನು ತಾನೇ ಬೇರೆ ಒಲೆಯ ಮೇಲೆ ಮಾಡಿಕೊಂಡಳು. ಆಕೆ ಬಾಗಿಲ ಹೊರಗೆ ನಿಂತು, ನೀರು ಬೇಕೇ, ಉಪ್ಪು ಬೇಕೇ ಎಂದು ಕೇಳುತ್ತಿದ್ದಳು. ಆಯಿ ಗೋಡೆಗೆ ಉತ್ತರ ಕೊಡುತ್ತಿದ್ದಳು. ನನ್ನ ಖುಷಿಗೆ ಎಣೆಯಿರಲಿಲ್ಲ. ಆಯಿಯ ಮಗ್ಗುಲಲ್ಲೇ ಮಲಗಿ, ಇದ್ದದ್ದು ಇಲ್ಲದ್ದು ಸೇರಿಸಿ ಚಾಡಿ ಹೇಳಿದೆ. ಆಕೆಯನ್ನು ಬೀದರಿಗೆ ವಾಪಸು ಕಳಿಸುತ್ತಾರೆ, ಮತ್ತೆ ದಪ್ಪ ರೊಟ್ಟಿ, ಒಂದೇ ತಾಟು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಯುಗಾದಿಯ ಹಿಂದಿನ ದಿನ ಅಪ್ಪ ಆಯಿಯ ಮುಂದೆ ಕೂತು ಏನೇನೋ ಬೇಡಿಕೊಂಡ. ಕಾರ್ಖಾನೆಯಲ್ಲಿ ಹತ್ತು ಜನರ ಮೇಲೆ ಯಜಮಾನಿಕೆ ಮಾಡುವ ಮನುಷ್ಯ ಮೊಣಕಾಲು ಹಿಡಿದುಕೊಂಡು ಹುಡುಗನ ಹಾಗೆ ಕೂತಿದ್ದ. ಕಡೆಗೆ ಆಯಿ ಒಂದು ಮಾತಿಗೆ ಒಪ್ಪಿದಳು.

"ಆತು. ನಾಳಿ ಲಿಂಗಕ್ಕ ತೋರ್ಸಾಕ ಹಣ್ಣು ಅಷ್ಟs ಕೊಡ್ಲಿ. ಅದರಾಗ ಒಂದು ಕಸ ಕಡ್ಡಿ ಕಂಡ್ರ, ನಾ ಈ ಮನಿ ಹೊಸ್ತಿಲು ಮತ್ತ ತುಳಿಯಂಗಿಲ್ಲ. ನೀ ಬೇಕಾದ್ರ ಈಕಿನ್ನ ಇಟ್ಕೋ."

ಆಕೆ ಅದನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಯುಗಾದಿಯ ಬೆಳಿಗ್ಗೆ ನಾನು ಎದ್ದಾಗ ಆಕೆ ಆಗಲೇ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಹಿತ್ತಲಿನಲ್ಲಿ ಪರಾತದ ಮುಂದೆ ಕೂತಿದ್ದಳು. ಒಂದು ಸಲದ ಜಾಗದಲ್ಲಿ ಎರಡು ಸಲ ಉಪ್ಪುನೀರು ಮಾಡಿದಳು. ಒಂದೊಂದೇ ಹಣ್ಣನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಪಂಚೆಯ ಮೇಲಿಟ್ಟಳು. 'ಪುಟ್ಟಿ, ನಿನ್ನ ಕಣ್ಣು ಚುರುಕು, ನೀನೂ ಒಂದೀಟು ನೋಡವ್ವಾ' ಎಂದು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡಳು. ನಾನು ನೋಡಿದೆ. ಒಂದು ಹುಳವೂ ಇರಲಿಲ್ಲ. ಬೆಳ್ಳಿಯ ಬಟ್ಟಲಿಗೆ ಹಣ್ಣು ತುಂಬಿ, ಸೀರೆ ಉಟ್ಟು ಬರುತ್ತೇನೆ, ಕಾಗೆ ಬಾರದ ಹಾಗೆ ನೋಡಿಕೋ ಎಂದು ಹೇಳಿ ಆಕೆ ಒಳಗೆ ಹೋದಳು.

ಜಾಳಿಗೆಯಲ್ಲಿದ್ದ ಹುಳಗಳನ್ನು ನಾನಿನ್ನೂ ಮರದ ಬುಡಕ್ಕೆ ಹಾಕಿರಲಿಲ್ಲ. ಉಪ್ಪು ಕುಡಿದು ಸತ್ತು ಮೆತ್ತಗಾಗಿದ್ದವು. ಮರೆತು ಬಿಟ್ಟಿದ್ದೆನೋ, ಬೇಕೆಂದೇ ಇಟ್ಟುಕೊಂಡಿದ್ದೆನೋ, ಈಗ ಸಾಚಾ ಆಗಿ ಹೇಳಲಾರೆ. ಆದರೆ ಮುಂದಿನದು ಬೇಕೆಂದೇ. ತಲೆಯ ಪಿನ್ನು ತೆಗೆದು, ಅದರ ತುದಿಯಿಂದ ಐದು ಹುಳಗಳನ್ನು ಎತ್ತಿ, ಐದು ಹಣ್ಣುಗಳ ಗುಳಿಗಳಲ್ಲಿ ಒತ್ತಿ ಕೂಡಿಸಿದೆ. ಅರ್ಧ ಒಳಗೆ, ಅರ್ಧ ಹೊರಗೆ. ಒಂದನ್ನು ಎಲ್ಲಕ್ಕಿಂತ ಮೇಲಿಟ್ಟೆ.

ಆಯಿ ಪಡಸಾಲೆಯಲ್ಲಿ ಮಣೆಯ ಮೇಲೆ ಕೂತಿದ್ದಳು, ಅಂಗೈಯಲ್ಲಿ ಲಿಂಗ. ಪಕ್ಕದಲ್ಲಿ ಅಪ್ಪ, ಅವನ ಮುಂದೆ ಬೇವಿನ ಪಾನಕದ ತಂಬಿಗೆ ಮತ್ತು ನೀರಿನ ಚೊಂಬು. ನಾನು ಬಾಗಿಲ ಚೌಕಟ್ಟಿಗೆ ಆತು ನಿಂತೆ. ಆಕೆ ಹಸಿರು ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು, ಬಟ್ಟಲನ್ನು ಎರಡೂ ಕೈಯಲ್ಲಿ ತಂದು ಆಯಿಯ ಮುಂದಿಟ್ಟು ಮೂರು ಹೆಜ್ಜೆ ಹಿಂದೆ ಸರಿದು ನಿಂತಳು. ಆಯಿ ಕಣ್ಣು ಮುಚ್ಚಿ ಬಟ್ಟಲನ್ನು ಲಿಂಗಕ್ಕೆ ತೋರಿಸಿದಳು. ಅಪ್ಪನ ಕಣ್ಣು ಬಟ್ಟಲಿಗೆ ಬಿತ್ತು. ಅಲ್ಲೇ ನಿಂತಿತು. ಮೇಲಿನ ಹಣ್ಣಿನ ಬಿಳಿ ಹುಳವನ್ನು ಅವನು ನೋಡಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಕರಿ ಹಣ್ಣಿನ ಮೇಲೆ ಬಿಳಿ ಹುಳ, ಕುರುಡನಿಗೂ ಕಾಣುವಂತಿತ್ತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಉಸಿರು ಹಿಡಿದೆ. ನನ್ನ ಹಣ್ಣಿನಲ್ಲಿ ಹುಳ ಕಂಡಾಗ ಊರಿಗೆಲ್ಲ ಡಂಗುರ ಹೊಡೆದವನಲ್ಲವೇ? ಆಯಿ ಕಣ್ಣು ತೆರೆದು, ಲಿಂಗವನ್ನು ಕಣ್ಣಿಗೊತ್ತಿಕೊಂಡು, ಬಟ್ಟಲಿಗೆ ಕೈ ಚಾಚಿದಳು. ಅಷ್ಟರಲ್ಲಿ ಅಪ್ಪ ಬಟ್ಟಲನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡ. ಮೇಲಿನ ಹಣ್ಣನ್ನು ಎತ್ತಿ ಬಾಯಿಗೆ ಹಾಕಿಕೊಂಡ.

"ಏ, ಏನೋ ಇದು! ಹಿರ್‍ಯಾರಿಗಿಂತ ಮೊದಲ?" ಆಯಿ ಬೆರಗಾಗಿ ಕೇಳಿದಳು.

"ತಡಕೊಳ್ಳಾಕ ಆಗವಲ್ದಬೇ. ಭಾಳ ಚಲೋ ಅದಾವ."

"ನನಗ ಒಂದು ಕೊಡು."

"ಇವು ನನ್ನವು. ಯಾರಿಗೂ ಕೊಡಂಗಿಲ್ಲ."

ತತ್ತಿ ಕರಿದ ಎಣ್ಣೆಯ ವಾಸನೆಗೆ ಕ್ಯಾಂಟೀನಿನಿಂದ ಎದ್ದು ಹೊರಗೆ ಬರುವ ಮನುಷ್ಯ. ಚಹಾದಲ್ಲಿ ಇರುವೆ ತೇಲಿದರೆ ಲೋಟವನ್ನೇ ಎಸೆಯುವವನು. ಅಂಥವನು ಒಂದಾದ ಮೇಲೊಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು, ಅಗಿಯದೆ, ಗಂಟಲಮಣಿ ಮೇಲೆ ಕೆಳಗೆ ಆಡಿಸುತ್ತ ನುಂಗುತ್ತಿದ್ದ. ಎಷ್ಟರಲ್ಲಿ ಹುಳ ಇದೆಯೋ ಅವನಿಗೆ ಗೊತ್ತಿರಲಿಲ್ಲ, ಆರಿಸಲು ಸಮಯವೂ ಇರಲಿಲ್ಲ. ಪ್ರಸಾದ, ಬಿಸಾಡುವಂತೆಯೂ ಇಲ್ಲ. ನಾನು ಮಾತ್ರ ಎಣಿಸುತ್ತಿದ್ದೆ. ಎರಡನೆಯದು ಹೋಯಿತು. ಮೂರನೆಯದು, ನಾಲ್ಕನೆಯದು. ಅವನ ಹಣೆಯಲ್ಲಿ ಬೆವರು. ಮುಖದ ಮೇಲೆ ನಗು ಹಾಗೆಯೇ ಇತ್ತು. ಆಯಿ ಮೊದಲು ಗದರಿದಳು, ಆಮೇಲೆ ಅವಳಿಗೇ ನಗು ತಡೆಯಲಾಗಲಿಲ್ಲ. ಮಗ ಚಿಕ್ಕಂದಿನಲ್ಲಿ ಬೆಲ್ಲ ಕದ್ದು ತಿಂದದ್ದು ನೆನಪಾಯಿತೋ ಏನೋ, ಆಕೆಯ ಕಡೆ ತಿರುಗಿ ಮೂರು ದಿನದಲ್ಲಿ ಮೊದಲ ಸಲ ನೇರ ಮಾತನಾಡಿದಳು.

"ಏನವ್ವಾ, ಏನ್ ಮಾಟ ಮಾಡಿಯೇ ನನ್ನ ಮಗಗ? ನನಗೊಂದು ಉಳಿಸವಲ್ಲ. ಹೋಗು, ರೊಟ್ಟಿಯರೆ ಹಾಕಿ ಕೊಡು, ಹಸಿವ್ಯಾಗೈತಿ."

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ನಗುತ್ತ, ಅಡುಗೆಮನೆಗೆ ಓಡಿದಳು. ಆಕೆಗೆ ಏನೂ ಗೊತ್ತಾಗಲಿಲ್ಲ. ಅಪ್ಪ ಸತ್ತು ಹದಿನೆಂಟು ದಿನಕ್ಕೆ ತಾನೂ ಹೋಗುವವರೆಗೂ ಗೊತ್ತಾಗಲಿಲ್ಲ. ಆ ಯುಗಾದಿಯಂದು ನನ್ನ ಗಂಡ ಇಡೀ ಬಟ್ಟಲು ಖಾಲಿ ಮಾಡಿದ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು, ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ.

ಬಟ್ಟಲಿನಲ್ಲಿ ಒಂದೇ ಹಣ್ಣು ಉಳಿಯಿತು. ಅದು ನನ್ನ ಐದನೆಯದು. ಅಪ್ಪ ಅದನ್ನು ಎತ್ತಿಕೊಂಡವನು ತಿನ್ನಲಿಲ್ಲ, ತಲೆಯೆತ್ತಿ ಬಾಗಿಲ ಕಡೆ ನೋಡಿದ. ನನ್ನ ಮುಖ, ನನ್ನ ಕೈಯಲ್ಲಿದ್ದ ಪಿನ್ನು, ಬಿಚ್ಚಿಹೋದ ನನ್ನ ಕೂದಲು, ಮೂರನ್ನೂ ನೋಡಿದ. ನಾನು ಓಡಬಹುದಿತ್ತು, ಓಡಲಿಲ್ಲ. ಅವನು ಹಣ್ಣನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಉಗುರಿನ ತುದಿಯಿಂದ ಹುಳವನ್ನು ತೆಗೆದು ಯಾರಿಗೂ ಕಾಣದ ಹಾಗೆ ಮಡಿಲಿಗೆ ಒರೆಸಿಕೊಂಡ. ಚೊಂಬಿನ ನೀರಿನಿಂದ ಹಣ್ಣನ್ನು ತನ್ನ ಅಂಗೈಯಲ್ಲಿಟ್ಟು ಎರಡು ಸಲ ತೊಳೆದ, ಊದಿದ, ಮತ್ತೊಮ್ಮೆ ತಿರುಗಿಸಿ ನೋಡಿದ.

"ಬಾ ಪಾರೂ. ಸ್ವಚ್ಛ ಐತಿ. ತಿನ್ನು."

ನಾನು ಹೋಗಿ ಬಾಯಿ ತೆರೆದೆ. ಅವನು ಬಾಯಿಗೆ ಹಾಕಿದ. ಬೈಯಲಿಲ್ಲ, ಹೊಡೆಯಲಿಲ್ಲ, ಆ ಮಾತನ್ನು ಜೀವಮಾನದಲ್ಲಿ ಒಮ್ಮೆಯೂ ಎತ್ತಲಿಲ್ಲ. ಹಣ್ಣು ಬಹಳ ಸಿಹಿಯಾಗಿತ್ತು. ನನಗಾಗಿ ಅವನು ಒಂದು ಹಣ್ಣು ತೊಳೆದ, ಆಕೆಗಾಗಿ ನಾಲ್ಕು ಹುಳ ನುಂಗಿದ. ಎಂಟು ವರ್ಷದ ನನಗೆ ಅಷ್ಟು ಲೆಕ್ಕ ಬರುತ್ತಿತ್ತು, ಅವತ್ತು ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.